ಪಕ್ಕೆಲುಬಿನಿಂದ ಎಣಿಸುತ್ತಿದ್ದ ಕುಸುಮಕ್ಕ

ಕುಸುಮಕ್ಕ ನಿಂತ ಕಡೆ ಒಂದು ಮರದ ಮಣೆ ಇರಲೇಬೇಕಿತ್ತು. ಅವರ ಎತ್ತರ ಐದಡಿಗೂ ಎರಡು ಅಂಗುಲ ಕಡಿಮೆ. ಮಣೆ ಹತ್ತಿ, ಮೊಣಕಾಲು ದಾಟಿ ಇಳಿಯುವ ಸೀಸದ ಏಪ್ರನ್ ತೊಟ್ಟು, ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದ ಬಾಗಿದ ತೋಳನ್ನು ಒಂದೇ ಕೈಯಲ್ಲಿ ಸರಿಸುತ್ತಾ, ಪರದೆಯ ಮೇಲೆ ಮೂಡುವ ಬೆನ್ನುಮೂಳೆಯ ಮಣಿಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದರು. "ಇದು ಕಡೀ ಪಕ್ಕೆಲುಬು. ಇದರ ಕೆಳಗ ಒಂದ... ಎರಡ... ಮೂರ..." ಮೇಜಿನ ಮೇಲೆ ಬೋರಲು ಮಲಗಿದ ಗುಜರಾತಿ ರೋಗಿಗಳು ಇದೇನೋ ಮಂತ್ರವೆಂದೇ ತಿಳಿಯುತ್ತಿದ್ದರು. ಒಬ್ಬ ಅಜ್ಜಿಯಂತೂ ಅದನ್ನು ಬರೆದುಕೊಡಿ, ಮನೆಯಲ್ಲೂ ಹೇಳಿಕೊಳ್ಳುತ್ತೇನೆ ಎಂದು ನನಗೆ ದುಂಬಾಲು ಬಿದ್ದಿದ್ದರು.

ನನ್ನ ಗಂಡನಿಗೆ ವಿಮಾ ಕಚೇರಿಯಿಂದ ವಡೋದರಕ್ಕೆ ವರ್ಗವಾದಾಗ ನಾನು ಫತೇಗಂಜಿನ ಒಂದು ಸಣ್ಣ ನೋವು ಚಿಕಿತ್ಸಾಲಯಕ್ಕೆ ಸೇರಿದೆ. ಬೆನ್ನಿನಿಂದ ಕಾಲಿಗೆ ಸೆಳೆಯುವ ನೋವಿಗೆ, ನರ ಎಲ್ಲಿ ಒತ್ತಿಕೊಂಡಿದೆಯೋ ಅಲ್ಲಿಗೇ ಔಷಧಿ ಮುಟ್ಟಿಸುವುದು ನನ್ನ ಕೆಲಸ. ಸೂಜಿ ಹೋಗುವ ದಾರಿಯನ್ನು ಎಕ್ಸ್‌ರೇ ಪರದೆಯಲ್ಲಿ ನೋಡುತ್ತಾ ಸಾಗಬೇಕು. ನೋಡುವವಳು ನಾನು, ತೋರಿಸುವವರು ಕುಸುಮಕ್ಕ. ನಾನು ಮೈಸೂರಿನವಳು ಎಂದು ಗೊತ್ತಾದ ದಿನ ಅವರಿಗೆ ಆದ ಖುಷಿ ಅಷ್ಟಿಷ್ಟಲ್ಲ. ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದ ಅಪ್ಪನ ಜೊತೆ ಮೂರು ವರ್ಷದ ಮಗುವಾಗಿ ಗದಗಿನಿಂದ ಬಂದವರು ಅವರು. ಓದಿದ್ದು, ಮದುವೆಯಾದದ್ದು, ಜಗಳವಾಡಿದ್ದು ಎಲ್ಲ ಗುಜರಾತಿಯಲ್ಲಿ. ಆದರೂ ಅವ್ವನಿಂದ ಬಂದ ಕನ್ನಡವನ್ನು ಒಂದಿಷ್ಟೂ ಬಿಟ್ಟುಕೊಟ್ಟಿರಲಿಲ್ಲ. ಮಧ್ಯಾಹ್ನದ ಡಬ್ಬಿಯಲ್ಲಿ ಖಾಕ್ರಾ ಎಂಬ ಗುಜರಾತಿನ ಗರಿಗರಿ ತೆಳು ರೊಟ್ಟಿ ಇರುತ್ತಿತ್ತು, ಅದರ ಮೇಲೆ ದಪ್ಪಗೆ ಶೇಂಗಾ ಚಟ್ನಿಪುಡಿ.

ಮೊದಲ ವಾರವೇ ಬೈಸಿಕೊಂಡೆ. ಕೆಲಸ ಮುಗಿದ ಮೇಲೆ ಏಪ್ರನ್ ಮಡಚಿ ಕುರ್ಚಿಯ ಮೇಲೆ ಎಸೆದಿದ್ದೆ. ಕುಸುಮಕ್ಕ ಅದನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದರು.

"ಇದೇನ ಸೀರಿ ಅಲ್ರೀ ಡಾಕ್ಟ್ರ, ಮಡಚಿ ಇಡಾಕ. ಮಡಚಿದ ಕಡೆ ಸೀಸ ಬಿರಕ ಬಿಡತೈತಿ. ಆ ಬಿರಕಿನಾಗ ಎಕ್ಸ್‌ರೇ ನುಗ್ಗಿ ನಿಮ್ಮ ಮೈಗೇ ಬರತೈತಿ. ತೂಗ ಹಾಕ್ರಿ."

ತೂಗುಹಾಕಿದೆ. ಅಂದಿನಿಂದ ಇಂದಿನವರೆಗೂ ತೂಗುಹಾಕುತ್ತಲೇ ಇದ್ದೇನೆ.

ಅವರಿಗೆ ದೊಡ್ಡವರು ಚಿಕ್ಕವರು ಎಂಬ ಭೇದವಿರಲಿಲ್ಲ. ಒಮ್ಮೆ ಅಹಮದಾಬಾದಿನ ನವರಂಗಪುರದಿಂದ ಹಿರಿಯ ವೈದ್ಯರೊಬ್ಬರು ನಮಗೆ ಕಲಿಸಲು ಬಂದಿದ್ದರು. ಅವರು ಸೂಜಿ ಕೈಗೆತ್ತಿಕೊಂಡಾಗ ಕುಸುಮಕ್ಕ ಮಣೆಯ ಮೇಲಿಂದಲೇ, "ಸಾಹೇಬ್, ಏಕ್ ಮಿನಿಟ್" ಎಂದು ಯಂತ್ರದ ತೋಳನ್ನು ಚೂರು ವಾಲಿಸಿದರು. ಅಲ್ಲಿಯವರೆಗೆ ಎರಡೆರಡಾಗಿ ಕಾಣುತ್ತಿದ್ದ ಮಣಿಯ ಅಂಚು ಒಂದೇ ಗೆರೆಯಾಗಿ ಕೂತಿತು. ಸೂಜಿ ಒಂದೇ ಸಲಕ್ಕೆ ಗುರಿ ಮುಟ್ಟಿತು. ಸಾಹೇಬರು ಹೋಗುವಾಗ ನನಗೆ ಒಂದು ನಮಸ್ಕಾರ, ಅವರಿಗೆ ಎರಡು ಹಾಕಿ ಹೋದರು. ನನಗೆ ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಈ ಎಣಿಕೆಯ ವಿಷಯದಲ್ಲಿ ಮಾತ್ರ ನಮಗೆ ದಿನವೂ ಕಿತ್ತಾಟ. ಸೊಂಟದಲ್ಲಿ ಐದು ಮಣಿಗಳಿರುತ್ತವೆ, ಅವುಗಳ ಕೆಳಗೆ ತ್ರಿಕೋನದ ಮೂಳೆ. ಆ ತ್ರಿಕೋನ ಪರದೆಯಲ್ಲಿ ಮೊದಲೇ ಕಾಣುವುದರಿಂದ ಅದರ ಮೇಲಿನದು ಐದು, ಅದರ ಮೇಲಿನದು ನಾಲ್ಕು ಎಂದು ಕೆಳಗಿನಿಂದ ಎಣಿಸುವುದು ಸುಲಭ. ನಾನು ಹಾಗೇ ಮಾಡುತ್ತಿದ್ದೆ. ಕುಸುಮಕ್ಕ ಯಂತ್ರವನ್ನು ಎದೆಯವರೆಗೂ ಒಯ್ದು, ಕಡೆಯ ಪಕ್ಕೆಲುಬು ಹುಡುಕಿ, ಅಲ್ಲಿಂದ ಇಳಿದು ಬರಬೇಕು ಎನ್ನುತ್ತಿದ್ದರು. "ಎಲ್ಲಾರ ಮೈಯಾಗೂ ದೇವರು ಲೆಕ್ಕ ಸರಿ ಇಟ್ಟಿರತಾನಂತ ಯಾರ ಹೇಳ್ಯಾರ ನಿಮಗ?" ಎಂಬುದು ಅವರ ವಾದ. ರೋಗಿಗೆ ಸುಮ್ಮನೆ ಎರಡು ಎಕ್ಸ್‌ರೇ ಹೆಚ್ಚು ಬೀಳುತ್ತದಲ್ಲ ಎಂಬುದು ನನ್ನ ವಾದ. ದಿನವೂ ಅವರೇ ಗೆಲ್ಲುತ್ತಿದ್ದರು, ಯಂತ್ರ ಅವರ ಕೈಯಲ್ಲಿತ್ತಲ್ಲ.

ಒಂದೇ ಒಂದು ದಿನ ನಾನು ಗೆದ್ದೆ. ಆ ದಿನ ಮೇಜಿನ ಮೇಲಿದ್ದವನು ವಾಸು.

ವಾಸು ಕುಂದಾಪುರದ ಕಡೆಯವನು, ನಲವತ್ತರ ಆಸುಪಾಸು. ವಡೋದರದ್ದೇ ಗೋರ್ವಾ ಬಡಾವಣೆಯ ಒಂದು ಉಡುಪಿ ಹೋಟೆಲಿನಲ್ಲಿ ಹದಿನೈದು ವರ್ಷದಿಂದ ದೋಸೆ ಹೊಯ್ಯುತ್ತಿದ್ದ. ಮೂರು ತಿಂಗಳಿಂದ ಸೊಂಟದಿಂದ ಎಡಗಾಲಿನ ಹೆಬ್ಬೆರಳಿನವರೆಗೂ ಸೆಳೆತ, ಹತ್ತು ನಿಮಿಷ ನಿಂತರೆ ಕಣ್ಣಲ್ಲಿ ನೀರು. ಮಾಲೀಕರು ಇನ್ನೊಂದು ತಿಂಗಳು ನೋಡುವ, ಆಮೇಲೆ ಊರಿಂದ ಬೇರೆ ಜನ ತರಿಸಬೇಕಾಗ್ತದೆ ಎಂದಿದ್ದರಂತೆ.

"ನನಗೆ ಗೊತ್ತಿರುವುದು ಇದೊಂದೇ ಕೆಲಸ ಮೇಡಂ," ಎಂದಿದ್ದ. "ಕೂತುಕೊಂಡು ದೋಸೆ ಹೊಯ್ಯಲಿಕ್ಕೆ ಆಗ್ತದಾ?"

ಎಂ.ಆರ್.ಐ. ವರದಿಯಲ್ಲಿ ನಾಲ್ಕು ಮತ್ತು ಐದನೆಯ ಮಣಿಗಳ ನಡುವೆ ಡಿಸ್ಕ್ ಜಾರಿ ನರವನ್ನು ಒತ್ತಿದೆ ಎಂದು ಸ್ಪಷ್ಟವಾಗಿತ್ತು. ಹೊರಗೆ ಇನ್ನೂ ಐದು ಜನ ಕಾಯುತ್ತಿದ್ದರು. ಕುಸುಮಕ್ಕ ಯಂತ್ರವನ್ನು ಮೇಲೆ ಒಯ್ಯಲು ಹೊರಟಾಗ ನಾನು, "ಇವತ್ತೊಂದು ದಿನ ಬಿಡಿ ಕುಸುಮಕ್ಕ, ರಿಪೋರ್ಟ್ ಇದೆಯಲ್ಲ" ಎಂದು ಸಿಡುಕಿದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು. ಅವರು ಮುಖ ಸಪ್ಪಗೆ ಮಾಡಿಕೊಂಡು ಬಿಟ್ಟುಬಿಟ್ಟರು. ಕೆಳಗಿನಿಂದ ಎಣಿಸಿ ಸೂಜಿ ಹಾಕಿದೆ. ಸೂಜಿಯ ಜಾಗ ಎಕ್ಸ್‌ರೇಯಲ್ಲಿ ಕಾಣಲೆಂದು ಔಷಧಿಗೆ ಮೊದಲು ಬಿಡುವ ದ್ರವ ನರದ ಗುಂಟ ಚೆನ್ನಾಗಿಯೇ ಹರಿಯಿತು. ಎಲ್ಲ ಸರಾಗ.

ಎರಡು ವಾರದ ಮೇಲೆ ವಾಸು ಗೋಡೆ ಹಿಡಿದುಕೊಂಡು ಬಂದ. ನೋವು ಒಂದು ಚೂರೂ ಇಳಿದಿರಲಿಲ್ಲ. ಕೆಲವರಿಗೆ ಇಂಜೆಕ್ಷನ್ ಹಿಡಿಯುವುದಿಲ್ಲ, ಇದು ಅಂಥದ್ದೇ ಎಂದು ನಾನು ಅವನಿಗೆ ಹೇಳಿದೆ. ಆಪರೇಷನ್ ಮಾಡುವವರ ಹತ್ತಿರ ಕಳಿಸೋಣ ಎಂದು ಅವನನ್ನು ಹೊರಗೆ ಕೂರಿಸಿ ಚೀಟಿ ಬರೆಯಲು ಕೂತೆ. ವಾಸು ತನ್ನ ಪ್ಲಾಸ್ಟಿಕ್ ಚೀಲವನ್ನು ಎಕ್ಸ್‌ರೇ ಕೋಣೆಯ ಬೆಂಚಿನ ಮೇಲೆ ಬಿಟ್ಟು ಬಂದಿದ್ದ. ಅರ್ಧ ಚೀಟಿ ಬರೆಯುವಷ್ಟರಲ್ಲಿ ಕುಸುಮಕ್ಕ ಒಳಬಾಗಿಲಲ್ಲಿ ನಿಂತು, "ಡಾಕ್ಟ್ರ, ಒಂದ್ಸಲ ಒಳಗ ಬರ್ರಿ" ಎಂದರು.

ವಾಸು ಊರಿನಲ್ಲಿ ಯಾವಾಗಲೋ ತೆಗೆಸಿದ್ದ ಹಳೆಯ ಎಕ್ಸ್‌ರೇಯೊಂದು ಆ ಚೀಲದಲ್ಲಿತ್ತು. ಕುಸುಮಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು. ಪೆನ್ನಿನ ತುದಿಯನ್ನು ಕಡೆಯ ಪಕ್ಕೆಲುಬಿನ ಮೇಲಿಟ್ಟು ನನ್ನ ಕೈಗೆ ಕೊಟ್ಟರು. ನಾನೇ ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಸೊಂಟದಲ್ಲಿ ಆರು ಮಣಿಗಳಿದ್ದವು. ವರದಿ ಬರೆದವರು ಮೇಲಿನಿಂದ ಎಣಿಸಿ ನಾಲ್ಕು ಎಂದಿದ್ದರು. ಕೆಳಗಿನಿಂದ ಎಣಿಸಿದ ನಾನು ಐದನ್ನೇ ನಾಲ್ಕು ಎಂದುಕೊಂಡು, ಒಂದು ಮನೆ ಕೆಳಗೆ, ಏನೂ ತೊಂದರೆಯಿಲ್ಲದ ನರಕ್ಕೆ ಔಷಧಿ ಕೊಟ್ಟು ಬಂದಿದ್ದೆ.

ಮೊದಲು ನನ್ನ ಬಾಯಿಂದ ಬಂದ ಮಾತು ಹೇಳಲೂ ನಾಚಿಕೆ: "ಇನ್ನೊಂದು ಡೋಸ್ ಬೇಕು ಅಂತ ಹೇಳಿ ಮತ್ತೆ ಹಾಕಿಬಿಟ್ಟರೆ?"

ಕುಸುಮಕ್ಕ ರೇಗಲಿಲ್ಲ. ಅದೇ ಹೆಚ್ಚು ಉರಿಯಿತು. "ಚಿತ್ರ ಯಾವತ್ತೂ ಸುಳ್ಳ ಹೇಳೂದಿಲ್ರೀ. ಅವಸರ ಮಾಡಿದವರು ನಾವು. ನೀವು ಬ್ಯಾಡ ಅಂದ್ರಿ, ನಾ ಬಿಟ್ಟೆ. ಬಿಡಬಾರದಿತ್ತು. ಅಂವಾ ತನ್ನ ಬೆನ್ನೇ ಸರಿ ಇಲ್ಲಂತ ತಿಳಕೊಂಡು ಹೊರಗ ಕುಂತಾನ. ಹೋಗಿ ಹೇಳ್ರಿ."

ಹೋಗಿ ಹೇಳಿದೆ. ಜಾಗ ತಪ್ಪಿತು, ತಪ್ಪು ನನ್ನದು, ಒಪ್ಪಿದರೆ ಸರಿಯಾದ ಜಾಗಕ್ಕೆ ಹಾಕುತ್ತೇನೆ, ಬೇರೆ ವೈದ್ಯರ ಬಳಿ ಹೋಗುವುದಾದರೆ ಎಲ್ಲ ಬರೆದುಕೊಡುತ್ತೇನೆ ಎಂದೆ. ಇಷ್ಟನ್ನು ಹೇಳಿದವಳು, ತಪ್ಪನ್ನು ಕಂಡುಹಿಡಿದದ್ದು ಯಾರು ಎಂಬುದನ್ನು ಮಾತ್ರ ನುಂಗಿಕೊಂಡೆ. ನಾನೇ ಮತ್ತೆ ನೋಡಿದಾಗ ಗೊತ್ತಾಯಿತು ಎಂಬಂತೆ ಮಾತು ತೇಲಿಸಿದೆ. ಅಷ್ಟಾದರೂ ಮರ್ಯಾದೆ ಉಳಿಯಲಿ ಎಂಬ ಆಸೆ.

ವಾಸು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. "ಹಾಗಾದರೆ ನಂದು ವಾಸಿ ಆಗದ ಬೆನ್ನು ಅಂತ ಅಲ್ಲ ಅಲ್ವಾ ಮೇಡಂ?" ಎಂದು ಕೇಳಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಆಸೆ ಇತ್ತು. ನನಗೆ ಅಳು ಬಂತು.

ಎರಡು ದಿನ ಬಿಟ್ಟು ಮತ್ತೆ ಮಲಗಿಸಿದೆವು. ಕುಸುಮಕ್ಕ ಪಕ್ಕೆಲುಬಿನಿಂದ ಇಳಿದು ಬಂದರು, ಅವರ ಹಿಂದೆಯೇ ನಾನೂ ಗಟ್ಟಿಯಾಗಿ ಎಣಿಸಿದೆ. ನಾಲ್ಕರ ಕೆಳಗೆ ಸೂಜಿಯ ತುದಿ ನಿಂತು ದ್ರವ ಹರಿದ ಕೂಡಲೇ ವಾಸು, "ಅದೇ ಮೇಡಂ, ಅದೇ ನೋವು, ಹೆಬ್ಬೆರಳಿಗೆ ಹೋಯ್ತು!" ಎಂದು ಕೂಗಿದ. ಸರಿಯಾದ ನರವೇ ಸಿಕ್ಕಿತು ಎಂಬುದಕ್ಕೆ ಅದೇ ಗುರುತು. ನೋವಾಯಿತೆಂದು ರೋಗಿ ಕೂಗಿದ್ದಕ್ಕೆ ಇಬ್ಬರು ಹೆಂಗಸರು ಏಪ್ರನ್ ತೊಟ್ಟು ನಿಂತಲ್ಲೇ ನಕ್ಕದ್ದು ಅದೇ ಮೊದಲಿರಬೇಕು. ಔಷಧಿ ಹೋಯಿತು. ನರದ ಊತ ಇಳಿಯುತ್ತಾ ಬಂತು, ಜೊತೆಗೆ ವ್ಯಾಯಾಮವೂ ನಡೆಯಿತು. ಮಾಲೀಕರು ಕೊಟ್ಟ ತಿಂಗಳು ಮುಗಿಯುವ ಮೊದಲೇ ವಾಸು ಕಾವಲಿಯ ಮುಂದೆ ನಿಂತ. ಕೆಲವು ತಿಂಗಳು ಬಗ್ಗಬೇಡ, ಭಾರ ಎತ್ತಬೇಡ ಎಂದು ಹೇಳಿ ಕಳಿಸಿದ್ದೆ.

ಕುಸುಮಕ್ಕ ಈಗ ಸೂರತ್ತಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಮೊಮ್ಮಕ್ಕಳಿಗೆ ಕನ್ನಡ ಕಲಿಸುವ ಹಟ ಹಿಡಿದಿದ್ದಾರೆ, ಅವು ಗುಜರಾತಿಯಲ್ಲೇ ಉತ್ತರ ಕೊಡುತ್ತವಂತೆ. ನಮ್ಮಲ್ಲಿಗೆ ಬಂದಿರುವ ಹೊಸ ಹುಡುಗಿ ಚುರುಕು, ಎತ್ತರವೂ ಇದ್ದಾಳೆ. ಆದರೂ ಸೂಜಿ ಹಿಡಿದ ಗಳಿಗೆಯಲ್ಲಿ ಪಕ್ಕದಲ್ಲಿ ಅವರಿಲ್ಲವಲ್ಲ ಎನಿಸಿ ಕೈ ಒಂದು ಕ್ಷಣ ತಡೆಯುತ್ತದೆ.

ಚಿಕಿತ್ಸಾಲಯದಲ್ಲಿ ಅವರ ಕೊನೆಯ ದಿನ ಎಲ್ಲಿಗೆ ಊಟಕ್ಕೆ ಕರೆದೊಯ್ಯಲಿ ಎಂದು ಕೇಳಿದ್ದೆ. "ಗೋರ್ವಾಕ್ಕ ನಡೀರಿ. ಅಂವಾ ಹೆಂಗ ನಿಂತಾನ ನೋಡೂಣು," ಎಂದರು. ಕಾವಲಿ ಕಾಣುವ ಮೇಜೇ ಬೇಕೆಂದು ಹಟ ಮಾಡಿ ಕೂತರು. ಬಂದ ಮಸಾಲೆ ದೋಸೆಯನ್ನು ಮುರಿಯುತ್ತಾ ವಾಸುವಿನ ಕಾಲುಗಳನ್ನೇ ನೋಡಿದರು. ಸ್ವಲ್ಪ ಹೊತ್ತಿಗೆ, "ಎಡಗಾಲಿನ ಮ್ಯಾಲೂ ಭಾರ ಬಿಟ್ಟಾನ," ಎಂದು ನನ್ನ ಕಿವಿಯಲ್ಲಿ ಹೇಳಿ ಬಾಯಿ ತುಂಬ ದೋಸೆ ತುಂಬಿಕೊಂಡರು.

ನನ್ನನ್ನು ಕಂಡು ವಾಸು ಕೈ ಒರೆಸಿಕೊಳ್ಳುತ್ತಾ ಓಡಿ ಬಂದ. ಕುಸುಮಕ್ಕನ ಗುರುತು ಅವನಿಗೆ ಸಿಗಲಿಲ್ಲ. ಹೇಗೆ ಸಿಗಬೇಕು? ಅವನು ಅವರನ್ನು ನೋಡಿದ್ದು ಮಾಸ್ಕು, ಟೋಪಿ, ಏಪ್ರನ್ನಿನಲ್ಲಿ, ಅದೂ ಬೋರಲು ಮಲಗುವ ಮುಂಚಿನ ಒಂದು ನಿಮಿಷ. ಅವರ ಕೈ ದಾಟಿ ಹೋದ ಸಾವಿರಾರು ಜನರಲ್ಲಿ ಅವರ ಮುಖ ಕಂಡವರೇ ಇಲ್ಲ.

"ಅಮ್ಮ ಊರಿಂದ ಬಂದ್ರಾ ಮೇಡಂ?" ಎಂದು ಕೇಳಿದ. "ನಿಮ್ಮ ಮಗಳು ನನ್ನ ಸೊಂಟ ಉಳಿಸಿದ್ರು ಅಮ್ಮ."

ಕುಸುಮಕ್ಕ ಬಾಯಲ್ಲಿ ದೋಸೆ ಇಟ್ಟುಕೊಂಡೇ ತಲೆಯಾಡಿಸಿ, ಹೂಂ ಅಂದುಬಿಡು ಎಂಬಂತೆ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಅನ್ನಬಹುದಿತ್ತು. ಅವರಿಗೂ ಅದು ಸಾಕಿತ್ತು. ನನಗೇ ಸಾಕಾಗಲಿಲ್ಲ.

"ಇವರು ನನ್ನ ತಾಯಿ ಅಲ್ಲ ವಾಸು," ಎಂದೆ. "ಅವತ್ತು ತಪ್ಪು ಕಂಡುಹಿಡಿದದ್ದು ನಾನಲ್ಲ. ನಿನ್ನ ಹಳೆಯ ಎಕ್ಸ್‌ರೇ ತೆಗೆದು ನನಗೆ ತೋರಿಸಿದ್ದು ಇವರು. ನಿನಗೆ ನಿಜ ಹೇಳು ಅಂತ ನನ್ನನ್ನು ಹೊರಗೆ ಕಳಿಸಿದ್ದೂ ಇವರೇ. ನಾನು ನಿನ್ನನ್ನು ಆಪರೇಷನ್‌ಗೆ ಕಳಿಸಲು ಚೀಟಿ ಬರೀತಾ ಕೂತಿದ್ದೆ."

ವಾಸು ನನ್ನನ್ನು ನೋಡಿದ, ಅವರನ್ನು ನೋಡಿದ. ಆಮೇಲೆ ಅಷ್ಟು ಜನ ಗಿರಾಕಿಗಳ ನಡುವೆ ಅವರ ಕಾಲು ಮುಟ್ಟಲು ಸೊಂಟ ಬಗ್ಗಿಸಿಯೇಬಿಟ್ಟ.

"ಏ ಏ, ಬಗ್ಗಬ್ಯಾಡೋ! ಬಗ್ಗಬ್ಯಾಡ!" ಎಂದು ಕುಸುಮಕ್ಕ ಕುರ್ಚಿಯಿಂದ ಎದ್ದು ಚೀರಿದರು. ಅಷ್ಟರಲ್ಲಿ ಅವನ ಬೆರಳು ಅವರ ಪಾದ ಮುಟ್ಟಿಯಾಗಿತ್ತು. ಆಶೀರ್ವಾದಕ್ಕೆಂದು ತಲೆಯ ಮೇಲೆ ಹೋಗಬೇಕಾದ ಅವರ ಕೈ ನೇರವಾಗಿ ಅವನ ಸೊಂಟದ ಮೇಲೆ ಹೋಗಿ ಕೂತಿತು. ವಾಸು ಏನನ್ನೂ ಹಿಡಿದುಕೊಳ್ಳದೆ ನೆಟ್ಟಗೆ ಎದ್ದು ನಿಲ್ಲುವವರೆಗೂ ಆ ಕೈ ಅಲ್ಲಿಂದ ಕದಲಲಿಲ್ಲ.