ಕಿಟಕಿ ಕಟ್ಟೆಯ ಮೇಲಿನ ಎಡಗೈ

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರಾದವನು ನಾನು. ನನ್ನ ಕಣ್ಣು ತಪ್ಪಿಸಿ ಕಾಪಿ ಹೊಡೆದ ಹುಡುಗ ಹೊಸಕೋಟೆ ತಾಲ್ಲೂಕಿನಲ್ಲೇ ಹುಟ್ಟಿಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಕ್ಲಾಸಿಗೆ ಚಕ್ಕರ್ ಹೊಡೆದವರ ಮನೆಗೆ ಸೈಕಲ್ ತುಳಿದುಕೊಂಡು ಹೋಗಿ, ಕಿವಿ ಹಿಡಿದು ಎಳೆದುಕೊಂಡು ಬರುತ್ತಿದ್ದೆ. ಅಂಥ ಘನಂದಾರಿ ಮೇಷ್ಟ್ರಾದ ನಾನು ಈ ವಯಸ್ಸಿನಲ್ಲಿ, ಸ್ವಂತ ಮನೆಯಲ್ಲಿ, ತೂಕದ ಮಿಷನ್ ಮೇಲೆ ನಿಂತು ಕಾಪಿ ಹೊಡೆದೆ. ನಗುವವರು ನಗಲಿ. ನನಗೆ ಮಾತ್ರ ಇನ್ನೂ ನಗು ಬರುತ್ತಿಲ್ಲ.

ನನ್ನ ಹೃದಯ ಸೋತಿದೆ. ಪಂಪು ಸರಿಯಾಗಿ ಹೊಡೆಯದೆ ಮೈಯಲ್ಲಿ ನೀರು ನಿಲ್ಲುತ್ತದೆ. ಮೊದಲು ಪಾದ ಊದಿಕೊಳ್ಳುತ್ತದೆ, ಆಮೇಲೆ ಮೊಣಕಾಲು, ಕೊನೆಗೆ ಎದೆಯಲ್ಲೂ ನೀರು ತುಂಬುತ್ತದೆ. ಮಲಗಿದರೆ ಉಸಿರು ಸಿಗುವುದಿಲ್ಲ. ಹೆಂಡತಿ ಆಟೋ ಕರೆಯುತ್ತಾಳೆ, ಆಸ್ಪತ್ರೆಯವರು ಇಂಜೆಕ್ಷನ್ ಚುಚ್ಚಿ ನೀರು ಇಳಿಸಿ ಕಳಿಸುತ್ತಾರೆ, ಮುಂದಿನ ತಿಂಗಳು ಮತ್ತೆ ಅದೇ ಆಟೋ. "ಬಂದ್ರಾ ಮೇಷ್ಟ್ರೇ? ನಿಮ್ ಮಂಚ ಖಾಲಿ ಇಟ್ಟಿದೀವಿ ನೋಡಿ," ಎಂದು ವಾರ್ಡಿನ ಆಯಾ ತಮಾಷೆ ಮಾಡುತ್ತಿದ್ದಳು. ನಾನು ಹಲ್ಲು ಕಿರಿಯುತ್ತಿದ್ದೆ. ಮಂಡಿನೋವಿನ ಹೆಂಡತಿ ಆ ಮಂಚದ ಪಕ್ಕದ ನೆಲದಲ್ಲಿ ಚಾಪೆ ಹಾಸುವುದನ್ನು ನೋಡಿದರೆ ಮಾತ್ರ ಗೋಡೆ ಕಡೆ ಮುಖ ತಿರುಗಿಸುತ್ತಿದ್ದೆ.

ನನ್ನಂತೆ ಪದೇ ಪದೇ ಬರುವ ರೋಗಿಗಳ ಹಿಂದೆ ಆ ಆಸ್ಪತ್ರೆಯ ಮೆಡಿಕಲ್ ಕಾಲೇಜಿನವರು ಇಬ್ಬಿಬ್ಬರು ವಿದ್ಯಾರ್ಥಿಗಳನ್ನು ಹಚ್ಚಿದರು. ಮನೆಗೇ ಬಂದು ಊಟ, ಮಾತ್ರೆ, ನಡಿಗೆ ಎಲ್ಲ ವಿಚಾರಿಸಿ, ರೋಗಿ ಆಸ್ಪತ್ರೆ ಸೇರುವ ಪ್ರಮೇಯವೇ ಬರದಂತೆ ನೋಡಿಕೊಳ್ಳುವುದು ಅವರ ಕೆಲಸ. ನನ್ನ ಪಾಲಿಗೆ ಬಂದವಳು ದೊಡ್ಡಬಳ್ಳಾಪುರದ ಹುಡುಗಿ, ಡಾಕ್ಟರ್ ಓದುತ್ತಿದ್ದಳು. ಮನೆಯಲ್ಲಿ ಉರ್ದು ಮಾತಾಡುವವಳು, ಆದರೆ ಕನ್ನಡ ನನ್ನ ಹೆಂಡತಿಗಿಂತ ಚೊಕ್ಕ. ಜೊತೆಗಿದ್ದವನು ನರ್ಸಿಂಗ್ ಹುಡುಗ, ಆವತಿ ಕಡೆಯ ರೈತರ ಮಗ. ಬಂದ ಮೊದಲ ದಿನವೇ ಅಡುಗೆಮನೆಗೆ ನುಗ್ಗಿ, "ಅಮ್ಮಾ, ಉಪ್ಪು ತಿಂದ್ರೆ ಮೈಯಲ್ಲಿ ನೀರು ನಿಲ್ಲುತ್ತೆ, ಉಪ್ಪಿನಕಾಯಿ ಜಾಡಿ ಇವತ್ತಿಂದ ಅಟ್ಟದ ಮೇಲೆ ಕಣಮ್ಮಾ. ಮೇಷ್ಟ್ರು ಏಣಿ ಹತ್ತೋ ಅಷ್ಟು ಗಟ್ಟಿಯಾದ್ಮೇಲೆ ತಿನ್ಲಿ," ಅಂದ. ತಲೆಹರಟೆ ಎಂದುಕೊಂಡೆ. ಹೆಂಡತಿಗೆ ಅವನನ್ನು ಕಂಡರೆ ಅಂದಿನಿಂದಲೂ ಪ್ರಾಣ.

ಹುಡುಗಿ ನನ್ನ ಕಾಲ ಬುಡದಲ್ಲಿ ಕೂತು ಮುಂಗಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಹಿಟ್ಟಿನ ಉಂಡೆ ಒತ್ತಿದಂತೆ ಗುಳಿ ಬಿತ್ತು. "ನೋಡಿ ಸರ್, ಈ ಗುಳಿ ಬೇಗ ಮುಚ್ಕೊಂಡ್ರೆ ನೀವು ಮನೇಲಿ. ಮುಚ್ಕೊಳ್ದೆ ಹೋದ್ರೆ ನಮ್ ಹತ್ರ." ಒಂದು ತೂಕದ ಮಿಷನ್ ಕೊಟ್ಟು ಕಿಟಕಿ ಕೆಳಗೆ ಇಡಿಸಿದಳು. ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ನಾನು ಅದರ ಮೇಲೆ ನಿಲ್ಲಬೇಕು, ಹೆಂಡತಿ ಫೋಟೋ ತೆಗೆದು ಕಳಿಸಬೇಕು. ತೂಕ ದಿಢೀರನೆ ಏರಿತೆಂದರೆ ಮೈಯಲ್ಲಿ ನೀರು ನಿಂತಿತೆಂದು ಅರ್ಥ. ತಕ್ಷಣ, ಮೂತ್ರದಲ್ಲಿ ನೀರು ಹೊರಹಾಕುವ ನೀರಿನ ಮಾತ್ರೆ ಹೆಚ್ಚಿಸುತ್ತಿದ್ದರು.

ಅದು ಕೆಲಸ ಮಾಡಿತು. ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು, ಆಟೋ ಬರಲಿಲ್ಲ. ಹೆಂಡತಿ ತನ್ನ ಹಾಸಿಗೆಯಲ್ಲೇ ಮಲಗಿದಳು. ಶನಿವಾರ ಬಂತೆಂದರೆ "ನಮ್ ಮಕ್ಳು ಬರ್ತಾವೆ," ಎಂದು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು.

ಅಂಥ ಒಂದು ಶನಿವಾರ ಹುಡುಗಿ ಗೇಟಿನ ಹತ್ತಿರ ನಿಂತು ಗೆಳತಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. "ನಮ್ ಮೇಷ್ಟ್ರು ಒಂದ್ಸಲಾನೂ ಅಡ್ಮಿಟ್ ಆಗಿಲ್ಲ ಕಣೇ. ಹೀಗೇ ಇದ್ರೆ ಬೆಂಗ್ಳೂರ್ ಸಮ್ಮೇಳನದಲ್ಲಿ ಕಾಲೇಜಿನ ಪರವಾಗಿ ನಮ್ದೇ ಪ್ರೆಸೆಂಟೇಶನ್!" ಅವಳ ದನಿಯಲ್ಲಿದ್ದ ಖುಷಿ ಕೇಳಿ ನನಗೂ ಖುಷಿಯಾಯಿತು. ಹಿಂದೆಯೇ ಭಯವೂ ಆಯಿತು. ಓಹೋ, ಈ ಮಕ್ಕಳ ಉತ್ತರ ಪತ್ರಿಕೆ ನಾನೇ! ನಾನು ಆಸ್ಪತ್ರೆ ಸೇರಿದೆನೋ, ಇವರು ಫೇಲು.

ಅವರೆಕಾಯಿ ಕಾಲ ಬಂತು. ಹಳೆಯ ವಿದ್ಯಾರ್ಥಿಯೊಬ್ಬ ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ದುಡಿದು ಮನೆ ಕಟ್ಟಿಸಿದ್ದ, ಗೃಹಪ್ರವೇಶಕ್ಕೆ ಕರೆದ. ಕಂಡವರ ಮನೆಯಲ್ಲಿ ಗಳಿಗೆಗೊಮ್ಮೆ ಬಚ್ಚಲು ಹುಡುಕುವುದು ಯಾರು ಎಂದು ಅವತ್ತು ನೀರಿನ ಮಾತ್ರೆ ನುಂಗಲಿಲ್ಲ. ಹಿತಕಿದ ಬೇಳೆ ಸಾರು ಬಡಿಸಿದರು. ನಾಲಿಗೆ ಸಪ್ಪೆ ತಿಂದು ಸತ್ತಿತ್ತು. ನಾಚಿಕೆ ಬಿಟ್ಟು ಮತ್ತೆ ಮತ್ತೆ ಹಾಕಿಸಿಕೊಂಡೆ.

ಎರಡು ದಿನ ಕಳೆದು ಮಿಷನ್ ಹತ್ತಿದರೆ ತೂಕ ಜಾಸ್ತಿ. ತಲೆ ಸ್ವಲ್ಪ ತಿರುಗಿದಂತಾಗಿ ಎಡಗೈಯನ್ನು ಕಿಟಕಿ ಕಟ್ಟೆಯ ಮೇಲೆ ಊರಿದೆ. ನೋಡನೋಡುತ್ತಿದ್ದಂತೆ ನಂಬರು ಇಳಿಯಿತು. ಗಣಿತದ ಮೇಷ್ಟ್ರಿಗೆ ಲೆಕ್ಕ ತಿಳಿಯದೆ ಇರುತ್ತದೆಯೇ?

"ಈಗ ಹೊಡಿಯೇ ಫೋಟೋ."

"ರೀ, ಇದೇನ್ರೀ ಹುಡುಗಾಟ? ಕೈ ತೆಗೀರಿ."

"ಸುಮ್ನಿರೇ! ಆ ಮಗು ಬೆಂಗ್ಳೂರಿಗೆ ಹೋಗ್ಬೇಕು. ಆಯ್ಕೆಗೆ ಇನ್ನೆರಡು ವಾರ ಅಷ್ಟೆ, ತಡ್ಕೋತೀನಿ."

ಫೋಟೋದಲ್ಲಿ ಬೀಳುವುದು ಪಾದ ಮತ್ತು ನಂಬರು ಮಾತ್ರ, ಕೈ ಬೀಳುವುದಿಲ್ಲ. ಮೈ ಊದಿದಷ್ಟೂ ಕೈ ಬಲವಾಗಿ ಒತ್ತಿದೆ. ಒಂದೆರಡು ದಿನ ಅಂದಾಜು ತಪ್ಪಿ ಜಾಸ್ತಿಯೇ ಒತ್ತಿಬಿಟ್ಟೆನೆಂದು ಕಾಣುತ್ತದೆ, ಹುಡುಗಿ ಫೋನ್ ಮಾಡಿದಳು. "ಸೂಪರ್ ಸರ್! ತೂಕ ಇಳೀತಾ ಇದೆ. ನೀರು ಜಾಸ್ತಿ ಹೋಗಿ ಸುಸ್ತಾಗ್ಬಾರ್ದು ಅಂತ ಡಾಕ್ಟ್ರು ಮಾತ್ರೆ ಅರ್ಧ ಮಾಡೋಕೆ ಹೇಳಿದಾರೆ."

ಅಲ್ಲಿ ನಾನು ಬಾಯಿ ಬಿಡಬೇಕಿತ್ತು. "ಆಗ್ಲಿ ತಾಯಿ," ಅಂದೆ. ಹೇಳಿದ ಮಾತು ಕೇಳುವ ರೋಗಿ ಎಂದು ಹೆಸರು ಬೇರೆ ಇತ್ತಲ್ಲ, ಅರ್ಧ ಮಾತ್ರೆಯನ್ನೇ ನುಂಗಿದೆ. ಆ ಶನಿವಾರ ಅವರು ಬರುವ ಹೊತ್ತಿಗೆ, ನೆಂಟರ ಮನೆಗೆ ಹೋಗಿದ್ದೇವೆಂದು ಹೆಂಡತಿಯಿಂದ ಫೋನಿನಲ್ಲಿ ಸುಳ್ಳು ಹೇಳಿಸಿದೆ. ಅವಳು ಫೋನಿಟ್ಟವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಮಾರನೆಯ ಬೆಳಿಗ್ಗೆ ಕುರ್ಚಿಯಲ್ಲಿ ಕೂತಿದ್ದಂತೆಯೇ ನನಗೆ ಉಸಿರು ಕಟ್ಟಿತು. ತುಟಿ ನೀಲಿಯಾಗಿತ್ತಂತೆ. ಅವಳು ನನ್ನ ಅಪ್ಪಣೆಗೆ ಕಾಯದೆ ಪಕ್ಕದ ಮನೆಯವರ ಕಾರು ತರಿಸಿದಳು.

ಮೂಗು ಬಾಯಿ ಮುಚ್ಚುವ ಆಕ್ಸಿಜನ್ ಮಾಸ್ಕ್ ಹಾಕಿ ನನ್ನನ್ನು ಬದುಕಿಸಿದರು. ಮರುದಿನ ದೊಡ್ಡ ಡಾಕ್ಟರು ಮಂಚದ ಹತ್ತಿರ ನಿಂತು ನನ್ನ ಶನಿವಾರದ ಮಕ್ಕಳಿಬ್ಬರನ್ನೂ ತರಾಟೆಗೆ ತೆಗೆದುಕೊಂಡರು. "ತೂಕ ಇಳೀತಿದೆ ಅಂತ ರಿಪೋರ್ಟ್ ಕೊಟ್ಟಿದ್ದು ಯಾರು? ಅವ್ರು ನಿಂತಿದ್ದನ್ನ ಕಣ್ಣಾರೆ ನೋಡಿದ್ರಾ?"

"ಇಲ್ಲ ಸರ್, ಫೋಟೋ ನಂಬಿಬಿಟ್ಟೆ. ನನ್ನದೇ ತಪ್ಪು," ಅಂದಳು ಹುಡುಗಿ.

ನನ್ನ ಬಾಯ ಮೇಲೆ ಮಾಸ್ಕ್ ಇತ್ತು. ಸ್ವಲ್ಪ ಹೊತ್ತಿಗೆ ಮುಂಚೆ ಕಾಫಿ ಗುಟುಕರಿಸಲು ಅದನ್ನು ನಾನೇ ಎತ್ತಿದ್ದೆ. ಈಗ ಎತ್ತಲಿಲ್ಲ. ಕಣ್ಣು ಮುಚ್ಚಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು!

ಡಾಕ್ಟರು ಹೋದ ಮೇಲೆ ಹೆಂಡತಿ ವರಾಂಡದಲ್ಲಿ ಆ ಹುಡುಗಿಯ ಕೈ ಹಿಡಿದು ಎಲ್ಲವನ್ನೂ ಹೇಳಿ ಅತ್ತಳಂತೆ. ಡಾಕ್ಟರಿಗೆ ತಿಳಿಸಮ್ಮ ಎಂದರೆ, "ಅದನ್ನ ಸರ್ ಹೇಳ್ಬೇಕಮ್ಮಾ, ನಾನಲ್ಲ," ಅಂದಳಂತೆ. ನಾನು ಹೇಳಲಿಲ್ಲ. ಡಿಸ್ಚಾರ್ಜ್ ದಿನವೂ ಹೇಳಲಿಲ್ಲ. ಬೆಂಗಳೂರಿಗೆ ಬೇರೆ ಜೋಡಿ ಹೋಯಿತೆಂದು ಆಮೇಲೆ ಆವತಿ ಹುಡುಗ ಮಾತಿನ ನಡುವೆ ಬಾಯಿ ಜಾರಿ ಹೇಳಿಬಿಟ್ಟ.

ಆದರೂ ಶನಿವಾರ ಇಬ್ಬರೂ ಬಂದರು. ಹುಡುಗಿ ಬಂದವಳೇ ತೂಕದ ಮಿಷನ್ನನ್ನು ಕಿಟಕಿ ಕೆಳಗಿನಿಂದ ಎಳೆದು ಹಾಲಿನ ನಡುಮಧ್ಯೆ ಇಟ್ಟಳು. ಅಲ್ಲಿ ಕೈಗೆ ಗೋಡೆಯೂ ಸಿಗುವುದಿಲ್ಲ, ಕುರ್ಚಿಯೂ ಸಿಗುವುದಿಲ್ಲ. ಕಾಪಿ ಹೊಡೆದವನನ್ನು ನಾನೂ ಹೀಗೇ ನನ್ನ ಮೇಜಿನ ಪಕ್ಕಕ್ಕೆ ಎಳೆದು ಕೂರಿಸುತ್ತಿದ್ದೆ. ಆದರೆ ಬೈದು ಕೂರಿಸುತ್ತಿದ್ದೆ, ಇವಳು ಬೈಯಲೂ ಇಲ್ಲ.

ಕೆಲವು ವಾರ ತೂಕ ಸರಿಯಿತ್ತು. ಮೊನ್ನೆ ಏರಿತು. ಈ ಸಲ ಉಪ್ಪು ತಿಂದಿಲ್ಲ, ಮಾತ್ರೆ ಬಿಟ್ಟಿಲ್ಲ, ಹೃದಯದ ಕೈಲಾಗುವುದೇ ಅಷ್ಟು. ಮಾತ್ರೆ ಹೆಚ್ಚಿಸಿದರೂ ಇಳಿಯಲಿಲ್ಲ. ಹುಡುಗಿ ಮನೆಗೇ ಬಂದು ನೋಡಿ, "ಹೊರಡೋಣ ಸರ್. ನಡೆಯೋಕಾಗೋವಾಗ್ಲೇ ಹೋಗ್ಬಿಡೋಣ," ಅಂದಳು.

"ಮತ್ತೆ ಅಡ್ಮಿಟ್ ಆದ್ರೆ ನಿಮಗೆ..." ಎಂದು ತಡವರಿಸಿದೆ.

ಅವಳು ನನ್ನ ಚಪ್ಪಲಿಯನ್ನು ಕಾಲ ಬಳಿ ಸರಿಸುತ್ತಿದ್ದಳು. ತಲೆ ಎತ್ತಿದಳು. "ಸರ್, ಸ್ಕೂಲಿಗೆ ಬರದ ಹುಡುಗ್ರ ಮನೆಗೆ ನೀವು ಸೈಕಲ್ ತುಳ್ಕೊಂಡು ಹೋಗ್ತಿದ್ರಂತೆ, ಅಮ್ಮ ಹೇಳಿದ್ರು. ಸ್ಕೂಲಿನ ರಿಸಲ್ಟ್ ಚೆನ್ನಾಗಿ ಬರ್ಲಿ ಅಂತ ಹೋಗ್ತಿದ್ರಾ?"

"ಛೆ ಛೆ! ಯಾರಮ್ಮಾ ಅಂದಿದ್ದು? ಹುಡುಗ್ರು ಹಾಳಾಗ್ಬಾರ್ದು ಅಂತ ಹೋಗ್ತಿದ್ದೆ."

"ಮತ್ತೆ ನಾವು ಯಾಕೆ ಬರ್ತೀವಿ ಅಂದ್ಕೊಂಡ್ರಿ?"

ಚಪ್ಪಲಿ ಮೆಟ್ಟಿಕೊಂಡೆ. ಅವಳಿಗೋಸ್ಕರ ತ್ಯಾಗ ಮಾಡುತ್ತಿದ್ದೇನೆಂದು ಬೀಗಿಕೊಂಡು, ನಾನು ಅವಳನ್ನು ಬರೀ ಮಾರ್ಕ್ಸಿಗಾಗಿ ಬರುವವಳನ್ನಾಗಿ ಮಾಡಿಬಿಟ್ಟಿದ್ದೆ. ಆಟೋದಲ್ಲಿ ದಾರಿಯುದ್ದಕ್ಕೂ ಅವಳ ಮುಖ ನೋಡಲಾಗಲಿಲ್ಲ.

ವಾರ್ಡಿನಲ್ಲಿ ದೊಡ್ಡ ಡಾಕ್ಟರು ಬಂದಾಗ ಮೊದಲ ಮಾತು ನನ್ನದೇ. "ಡಾಕ್ಟ್ರೇ, ಹೋದ ಸಲ ಕಳಿಸಿದ ತೂಕ ಎಲ್ಲಾ ಸುಳ್ಳು. ಕಿಟಕಿ ಕಟ್ಟೆ ಮೇಲೆ ಕೈ ಊರಿಕೊಂಡು ನಿಂತಿದ್ದೆ. ಈ ಮಗೂದು ಒಂಚೂರೂ ತಪ್ಪಿಲ್ಲ."

ಅವರು ಕನ್ನಡಕ ತೆಗೆದು, ಅಚ್ಚರಿಪಡದೆ ನಿಂತಿದ್ದ ಹುಡುಗಿಯ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ? ಯಾಕಮ್ಮಾ ನಂಗೆ ಹೇಳ್ಲಿಲ್ಲ?"

ಹುಡುಗಿ ಮಂಚದ ಬುಡಕ್ಕೆ ಬಂದಳು. ನನ್ನ ಪಂಚೆಯ ಅಂಚು ಸರಿಸಿ ಮುಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ಕೈ ತೆಗೆದಳು. ಮೂವರೂ ಆ ಗುಳಿಯನ್ನೇ ನೋಡಿದೆವು. ಅದು ಮುಚ್ಚಲು ಬಹಳ ಹೊತ್ತು ಹಿಡಿಯಿತು.