ಅರ್ಧ ಬೆಲೆಯ ಮಾಳಿಗೆ

ಬೆಲೆ ಕೇಳಿದ ಕೂಡಲೇ ಹುಣಸೆಹಣ್ಣು ಕಚ್ಚಿದವರಂತೆ ಮುಖ ಮಾಡುವ ಕಲೆ ಕೆಲವರಿಗೆ ವಂಶದಿಂದ ಬರುತ್ತದೆ. ನನ್ನ ತಂದೆ ಎತ್ತಿನ ವ್ಯಾಪಾರಿ. ಅವರ ಬೆನ್ನ ಹಿಂದೆ ಲಿಂಗಸುಗೂರಿನ ದನದ ಸಂತೆಗೆ ಹೋಗುತ್ತಿದ್ದಾಗ, ಮಾರುವವನು ದುಪ್ಪಟ್ಟು ಹೇಳುವುದನ್ನೂ, ಕೊಳ್ಳುವವನು ಅರ್ಧಕ್ಕೆ ಕೇಳುವುದನ್ನೂ, ಆಮೇಲೆ ಟವೆಲಿನ ಮರೆಯಲ್ಲಿ ಇಬ್ಬರ ಬೆರಳುಗಳು ಗುಟ್ಟಾಗಿ ಮಾತಾಡಿಕೊಂಡು ಒಂದು ಬೆಲೆಗೆ ಒಪ್ಪುವುದನ್ನೂ ನೋಡಿ ನೋಡಿ, ಹೇಳಿದ್ದರಲ್ಲಿ ಅರ್ಧವೇ ನ್ಯಾಯವಾದ ಬೆಲೆ ಎಂಬ ಸಿದ್ಧಾಂತಕ್ಕೆ ನಾನು ಬಂದುಬಿಟ್ಟೆ. ಹೈಸ್ಕೂಲಿನಲ್ಲಿ ಕಲಿತ ಗಣಿತದಲ್ಲಿ ನನ್ನ ಕೈಬಿಡದೆ ಉಳಿದದ್ದು ಎರಡರಿಂದ ಭಾಗಿಸುವುದೊಂದೇ.

ನೀವು ನಗುತ್ತೀರಿ, ನಗಬೇಕಾದದ್ದೇ. ಆದರೆ ಆ ಭಾಗಾಕಾರದಿಂದ ಒಬ್ಬ ಒಳ್ಳೆಯ ಕೆಲಸಗಾರನ ಹೆಸರು ಕೆಡಿಸಿದೆನಲ್ಲ, ಅದನ್ನು ಈ ವಯಸ್ಸಿನಲ್ಲಾದರೂ ಬಾಯಿಬಿಟ್ಟು ಹೇಳಬೇಕು.

ಎಂಬತ್ತರ ದಶಕದ ಕೊನೆಯ ಮಾತು. ಕಾಲುವೆಯ ನೀರು, ಭತ್ತದ ಗದ್ದೆ, ಹೊರಗಿನಿಂದ ಬಂದ ಜನ. ಸಿಂಧನೂರಿನಲ್ಲಿ ಬಾಡಿಗೆ ಮನೆ ಸಿಗುವುದೇ ಕಷ್ಟವಾಗಿತ್ತು. ಹಾಗಾಗಿ ನನ್ನ ಹಳೆಯ ಮಣ್ಣಿನ ಮಾಳಿಗೆಯ ಮನೆಗೂ ಬೆಲೆ ಬಂದಿತ್ತು. ಅದರಲ್ಲಿ ಒಬ್ಬ ಶಾಲಾ ಮಾಸ್ತರರು, ಅವರ ಹೆಂಡತಿ ಶಾಂತಮ್ಮ ಮತ್ತು ಮೂರು ತಿಂಗಳ ಕೂಸು ಇದ್ದರು. ಇಂಥ ಮಾಳಿಗೆಯ ಮೇಲೆ, ಅಂದರೆ ಮನೆಯ ಚಪ್ಪಟೆ ಮಣ್ಣಿನ ಸೂರಿನ ಮೇಲೆ, ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹರಡಬೇಕು. ಆ ಉಪ್ಪುಮಣ್ಣು ನೀರು ಬಿದ್ದರೆ ಬಿಗಿದುಕೊಂಡು, ಹನಿಯನ್ನು ಒಳಗೆ ಬಿಡುವುದಿಲ್ಲ. ಮಸ್ಕಿಯಿಂದ ಕರೆಸಿದ, ಮನೆ ಕಟ್ಟುವ ಗೌಂಡಿ ಹುಸೇನಪ್ಪ ಮಾಳಿಗೆ ಹತ್ತಿ, ಹೆಜ್ಜೆಯಿಂದ ಅಳೆದು, ಕೆಳಗಿಳಿದು, "ಎಂಟು ಬಂಡಿ ಮಣ್ಣು ಬೇಕ್ರಿ, ಸಾವಕಾರ್ರ" ಎಂದು ತನ್ನ ಬೆಲೆ ಹೇಳಿದ. ನಾನು ಮುಖ ಹಿಂಡಿ ಅರ್ಧ ಎಂದೆ.

"ನಾ ಎತ್ತು ಮಾರಾಕ ಬಂದಿಲ್ರಿ. ಇದರಾಗ ಅರ್ಧ ಮಾಡಾಕ ಬರೋದು ಮಣ್ಣು ಒಂದ."

"ಮಣ್ಣಿಗೇನು ಬರ ಬಂದೈತೇನಲೇ? ಮಾಡು ಹೋಗು."

ಅವನಿಗೆ ಕೆಲಸ ಬೇಕಿತ್ತು; ಒಪ್ಪಿದ. ನಾಲ್ಕೇ ಬಂಡಿ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಕಂಡೂ, ಸಂತೆಯಲ್ಲಿ ಗೆದ್ದವನ ಗತ್ತಿನಲ್ಲಿ ಮನೆಗೆ ಬಂದು ಉಂಡು ಮಲಗಿದೆ.

ಮೊದಲ ದೊಡ್ಡ ಮಳೆ ಬಿದ್ದ ಮಧ್ಯಾಹ್ನ ಹೋಗಿ ನೋಡಿದರೆ, ಶಾಂತಮ್ಮ ಮನೆಯೊಳಗೇ ಕೊಡೆ ಬಿಚ್ಚಿ, ಅದರ ಕೆಳಗೆ ಕೂಸನ್ನು ಅವುಚಿಕೊಂಡು ಕೂತಿದ್ದಳು.

"ಬರ್ರಿ ಕಾಕಾ. ಕೂಸಿನ ತೊಟ್ಟಿಲ ಎಲ್ಲಿ ಕಟ್ಟಲ್ರಿ? ಒಣಾ ಜಾಗ ನೀವ ತೋರಿಸ್ರಿ."

ನನ್ನ ಬಾಯಿಂದ ತಡವಿಲ್ಲದೆ ಬಂತು: "ಗೌಂಡಿ ಮೋಸ ಮಾಡ್ಯಾನವ್ವಾ. ಎಂಟು ಬಂಡಿ ಅಂತ ಹೇಳಿ ನಾಕ ಹಾಕ್ಯಾನ." ಗಮನಿಸಿ, ಅವನು ಎಂಟು ಹೇಳಿದ್ದು ನಿಜ, ನಾಲ್ಕು ಹಾಕಿದ್ದೂ ನಿಜ. ನಡುವೆ ನಿಂತಿದ್ದ ನನ್ನನ್ನು ಮಾತ್ರ ಬಿಟ್ಟುಬಿಟ್ಟಿದ್ದೆ.

ಮಾಸ್ತರರು ಅದನ್ನು ಶಾಲೆಯಲ್ಲಿ ಹೇಳಿದರು, ಓಣಿಯವರು ಓಣಿಗೆ ಹೇಳಿದರು. ಸೋರುವ ಮಾಳಿಗೆಗಳ ಆ ಹಂಗಾಮಿನಲ್ಲಿ ಹುಸೇನಪ್ಪನಿಗೆ ಮಾತುಕೊಟ್ಟಿದ್ದವರೆಲ್ಲ ಹಿಂದೆ ಸರಿದರು. ಇದು ನನಗೆ ತಿಳಿದದ್ದು, ಅವನನ್ನು ಮತ್ತೆ ಕರೆಯಲು ಮಸ್ಕಿಗೆ ಹೋದಾಗ. ಕೆಲಸದ ಹೊತ್ತಿನಲ್ಲಿ ಅವನು ಬಸ್‌ಸ್ಟ್ಯಾಂಡಿನ ಹೋಟೆಲಿನ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ.

"ಸಿಂಧನೂರಾಗ ನನಗ ನಾಕ ಬಂಡಿ ಹುಸೇನಪ್ಪ ಅಂತಾರಂತ್ರಿ. ಚಲೋ ಹೆಸರಿಟ್ಟೀರಿ."

"ತಪ್ಪಾತು ಹುಸೇನಪ್ಪ. ಈಗ ಎಷ್ಟ ಕೇಳ್ತಿ ಅಷ್ಟ ಕೊಡ್ತೀನಿ."

"ಉಳಿದ ನಾಕ ಬಂಡೀದು ಕೊಡ್ರಿ, ಸಾಕು. ಹೆಚ್ಚಿಗಿ ಬ್ಯಾಡ. ಆದರ ಆ ಅಕ್ಕನ ಮುಂದ ಖರೇ ಹೇಳಬೇಕು. ಮಂದಿ ಕೇಳೂ ಹಂಗ ಹೇಳಬೇಕು."

ಜೀವನದಲ್ಲಿ ಮೊದಲ ಬಾರಿ ಚೌಕಾಸಿಗೆ ಜಾಗವಿಲ್ಲದ ಬೆಲೆಯೊಂದು ನನ್ನೆದುರು ಬಂತು. ಅರ್ಧ ಸತ್ಯವನ್ನು ಆಗಲೇ ಹೇಳಿ ಮುಗಿಸಿದ್ದೆನಲ್ಲ.

ಎರಡು ದಿನ ಬಿಸಿಲು ಬಿದ್ದ ಮೇಲೆ ಬಂಡಿಗಳು ಬಂದವು. ಹುಸೇನಪ್ಪ ಮೇಲೆ ಹತ್ತಿ ಸಲಿಕೆಯಿಂದ ಮಣ್ಣು ಹರಡತೊಡಗಿದ. ಬಂಡಿ ನೋಡಲು ಓಣಿಯ ನಾಲ್ಕಾರು ಜನ ಸೇರಿದರು. ನಾನು ಹೊಸ್ತಿಲಲ್ಲಿ ನಿಂತು, ಬೆಲೆಯನ್ನು ಅರ್ಧಕ್ಕೆ ಇಳಿಸಿದ್ದನ್ನೂ, ನಾಲ್ಕು ಬಂಡಿಯನ್ನು ಕಂಡೂ ಸುಮ್ಮನಿದ್ದದ್ದನ್ನೂ, ಆಮೇಲೆ ತಪ್ಪನ್ನು ಅವನ ತಲೆಗೆ ಕಟ್ಟಿದ್ದನ್ನೂ ಗಟ್ಟಿಯಾಗಿ ಹೇಳಿದೆ. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು.

ಶಾಂತಮ್ಮ ಕೂಸನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸಿದಳು.

"ಇಷ್ಟು ದಿನ ಆ ಅಣ್ಣಗ ಬೈದೀನಲ್ರಿ, ಕಾಕಾ. ಆ ಬೈಗುಳ ಈಗ ಯಾರಿಗೆ ಕೊಡಲಿ?"

"ನನಗ ಕೊಡವ್ವಾ."

"ಅರ್ಧ ಕೊಡ್ಲ್ಯಾ, ಪೂರ್ತಿ ಕೊಡ್ಲ್ಯಾ?"

"ಪೂರ್ತಿ."

ಕೊಟ್ಟಳು. ತಲೆ ತಗ್ಗಿಸಿ, ಒಂದು ಮಾತನ್ನೂ ಕಡಿಮೆ ಮಾಡಿಸದೆ ತೆಗೆದುಕೊಂಡೆ. ಮಾಳಿಗೆಯ ಮೇಲೆ ಸಲಿಕೆಯ ಸದ್ದು ನಿಂತುಹೋಗಿತ್ತು. ಅವಳು ಮುಗಿಸುವವರೆಗೂ ಅದು ಮತ್ತೆ ಕೇಳಲಿಲ್ಲ.