ಸುಣ್ಣ ಒಣಗುವವರೆಗೆ ಕೂತಿರುತ್ತಿದ್ದ ಸಾಬಣ್ಣ

ಯಾರ ಮನೆಗೆ ಹೋದರೂ ಸಾಬಣ್ಣ ಮೊದಲು ಮಾತಾಡಿಸುತ್ತಿದ್ದುದು ಗೋಡೆಯನ್ನು. ಮನೆಯವರು "ಬರ್ರಿ, ಕುಂಡ್ರರಿ" ಅನ್ನುವಷ್ಟರಲ್ಲಿ ಅವರ ಬಲಗೈ ಗೋಡೆಯ ಮೇಲಿರುತ್ತಿತ್ತು. ಅಂಗೈ ಪೂರ್ತಿ ಊರಿ, ಕಣ್ಣು ಮುಚ್ಚಿ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಆಮೇಲೆ ಎರಡು ಸಲ ತಟ್ಟಿ "ಹೂಂ" ಅನ್ನುತ್ತಿದ್ದರು. ಆ ಗೋಡೆ ಎಲ್ಲಿ ನೀರು ಕುಡಿದಿದೆ, ಎಲ್ಲಿ ಪೊಳ್ಳಾಗಿದೆ, ಯಾವ ಮೇಸ್ತ್ರಿ ಎಲ್ಲಿ ಸಿಮೆಂಟು ಉಳಿಸಿದ್ದಾನೆ ಎಂಬುದೆಲ್ಲ ಅಷ್ಟರಲ್ಲಿ ಅವರಿಗೆ ತಿಳಿದಿರುತ್ತಿತ್ತು.

ಸುರಪುರದ ರಂಗಂಪೇಟೆಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದುಕೊಂಡು ಮನೆಗಳಿಗೆ ಸುಣ್ಣ ಬಣ್ಣ ಹಚ್ಚುವುದು ಅವರ ಕೆಲಸ. ಎಷ್ಟು ತೊಳೆದುಕೊಂಡರೂ ರೆಪ್ಪೆಯಲ್ಲಿ ಬಿಳಿ ಉಳಿದಿರುತ್ತಿತ್ತು. ಹಳೆಯ ಟಿವಿಎಸ್ ಗಾಡಿಯ ಹಿಂದೆ ಬಕೆಟ್ಟು, ಬ್ರಷ್ಷು, ಜೊತೆಗೆ ಒಂದು ಕಟ್ಟು ರದ್ದಿ ಪೇಪರು. ಬ್ರಷ್ಷು ಮರೆತು ಬಂದಾರು, ಪೇಪರು ಮರೆಯುವವರಲ್ಲ. ಕೆಲಸ ಶುರು ಮಾಡುವ ಮುಂಚೆ ನೆಲ, ಸ್ವಿಚ್ಚು, ದೇವರ ಫೋಟೋ, ಬಾಗಿಲಲ್ಲಿ ಬಿಟ್ಟ ಚಪ್ಪಲಿ, ಎಲ್ಲದರ ಮೇಲೂ ಪೇಪರು ಹೊದಿಸುತ್ತಿದ್ದರು.

"ಗೋಡಿ ಬೆಳ್ಳಗ ಮಾಡಿದ್ದು ಯಾರೂ ನೆನಸಂಗಿಲ್ರಿ ಸರ. ಚಪ್ಲಿ ಮ್ಯಾಲ ಒಂದು ಹನಿ ಸಿಡೀಲಿ, ಸಾಯೂತನಕ ಆಡಿಕೋತಾರ," ಅನ್ನುತ್ತಿದ್ದರು.

ಆಗ ನಾನು ಶಹಾಪುರದಿಂದ ಸುರಪುರದ ಹೈಸ್ಕೂಲಿಗೆ ವರ್ಗವಾಗಿ ಬಂದ ಹೊಸತು. ಶಹಾಪುರದ ಮನೆ ಖಾಲಿ ಮಾಡಿ ಮೂರು ತಿಂಗಳಾದರೂ ಅಲ್ಲಿನ ಮಾಲಕರು ಡಿಪಾಜಿಟ್ ಹಣ ಕೊಟ್ಟಿರಲಿಲ್ಲ. ಅವರನ್ನು ಊರೆಲ್ಲ ಸಾವ್ಕಾರ್ರು ಎನ್ನುತ್ತಿತ್ತು. ಪ್ರತಿ ಭಾನುವಾರ ಬಸ್ಸು ಹಿಡಿದು ಅವರ ಕಟ್ಟೆಯ ಮುಂದೆ ನಿಂತು ಬರುತ್ತಿದ್ದೆ. "ಗೋಡಿ ಎಲ್ಲಾ ಕೆಡಿಸಿ ಹೋಗೀರಿ ಮಾಸ್ತರ್ರ, ಅದರ ಲೆಕ್ಕ ಆಗಲಿ," ಅನ್ನುವುದು ಅವರ ಪಾಠ. ಸುರಪುರದಲ್ಲಿ ಗೊತ್ತು ಮಾಡಿದ್ದ ಮನೆಯವರು ಮುಂಗಡ ಕೊಡದೆ ಕೀಲಿ ಕೊಡುವುದಿಲ್ಲ ಎಂದಿದ್ದರು. ಬಸುರಿ ಹೆಂಡತಿಯನ್ನು ಕಟ್ಟಿಕೊಂಡು ನಾನು ಗೆಳೆಯನೊಬ್ಬನ ಪಡಸಾಲೆಯಲ್ಲಿ ಸಾಮಾನಿನ ಮಧ್ಯೆ ದಿನ ದೂಡುತ್ತಿದ್ದೆ. ಆ ಮನೆಯ ಬಚ್ಚಲಿಗೆ ಹೋಗಲೂ ನನ್ನವಳು ಅವರಿವರ ಮುಖ ನೋಡಬೇಕಾಗಿತ್ತು.

ಒಂದು ದಿನ ಶಾಲೆಯ ಕಾಂಪೌಂಡಿನ ಹತ್ತಿರ ನಿಂತು ಫೋನಿನಲ್ಲಿ ಸಾವ್ಕಾರ್ರನ್ನು ಬೇಡಿಕೊಳ್ಳುತ್ತಿದ್ದೆ. ಕಾಂಪೌಂಡಿಗೆ ಸುಣ್ಣ ಹಚ್ಚುತ್ತಿದ್ದ ಸಾಬಣ್ಣ ಏಣಿಯಿಂದ ಇಳಿದು ಬಂದರು.

"ಏನಂತಾರ್ರಿ ಅವರು?"

"ಗೋಡಿ ಕೆಟ್ಟದ ಅಂತಾರ."

"ಗೋಡಿ ಮಾತಂದ್ರ ಅದು ನನ್ನ ಮಾತ ಆತು. ಐತವಾರ ಇಬ್ರೂ ಹೋಗೂಣು ನಡ್ರಿ."

ಭಾನುವಾರ ಅವರ ಗಾಡಿಯ ಹಿಂದೆ ಬಕೆಟ್ಟು ತೊಡೆಯ ಮೇಲಿಟ್ಟುಕೊಂಡು ಶಹಾಪುರಕ್ಕೆ ಹೋದೆ. ಸಾವ್ಕಾರ್ರ ಮುಂದೆ ಸಾಬಣ್ಣ ಕೈ ಮುಗಿದರು. "ಗೋಡಿ ಕೆಟ್ಟದ ಅಂದ್ರಂತ್ರಿ. ಹಚ್ಚಾಕ ಬಂದೀನಿ. ಕೂಲಿ ಬ್ಯಾಡ, ಸುಣ್ಣಾನೂ ನಂದ." ಬೇಡ ಎನ್ನಲು ಸಾವ್ಕಾರ್ರಿಗೆ ಕಾರಣ ಸಿಗಲಿಲ್ಲ. ನಾನಿದ್ದ ಮನೆಯ ಕೀಲಿ ತೆಗೆಸಿ ಸಾಬಣ್ಣ ಗೋಡೆ ಮುಟ್ಟಿದರು, ತಟ್ಟಿದರು. ಒಂದು ಮೊಳೆಯ ತೂತಿನೊಳಗೆ ಕಡ್ಡಿ ಆಡಿಸಿ ತೋರಿಸಿದರು. "ತೂತಿನ ಒಳಗ ನೀಲಿ ಬಣ್ಣ ಅದ ನೋಡ್ರಿ ಸಾವ್ಕಾರ್ರ. ಸರ್ ಬಂದಾಗ ಗೋಡಿ ಹಳದಿ ಇತ್ತಂತ. ಈ ತೂತು ಸರ್‌ಕಿಂತ ಹಿರೇದು." ಜಗಳದ ದನಿಯಲ್ಲ, ಎಳೆಯ ಮಕ್ಕಳಿಗೆ ಅಕ್ಷರ ತೋರಿಸುವಷ್ಟು ನಯ.

ಮಧ್ಯಾಹ್ನದೊಳಗೆ ಪಡಸಾಲೆಗೆ ಸುಣ್ಣ ಮುಗಿಸಿ ಅವರು ಸಾವ್ಕಾರ್ರ ಕಟ್ಟೆಯ ಮೇಲೆ ಕೂತರು. "ಇನ್ನ ಹೋಗಂಗಿಲ್ಲೇನು?" ಎಂದು ಸಾವ್ಕಾರ್ರು ಕೇಳಿದರೆ, "ಹಚ್ಚಿದಂವ ಒಣಗೂದು ನೋಡಬೇಕಲ್ರಿ," ಎಂದರು. ದಾರಿಯಲ್ಲಿ ಹೋಗುವವರೆಲ್ಲ ಬಿಳಿ ರೆಪ್ಪೆಯ ಈ ಮನುಷ್ಯನನ್ನು ಯಾಕೆ ಕೂತಿದ್ದೀರೆಂದು ಕೇಳುವವರೇ. "ಸಾವ್ಕಾರ್ರು ಭಾಳ ಚೊಲೋ ಮಂದಿ. ಸರದ್ದು ಡಿಪಾಜಿಟ್ ಕೊಡಾಕತ್ತಾರ. ಅದಕ್ಕ ಕುಂತೀನಿ," ಎಂದು ಬೀದಿಗೆಲ್ಲ ಕೇಳುವ ಹಾಗೆ ಹೊಗಳಿದರು. ಐದನೆಯವರೋ ಆರನೆಯವರೋ ಕೇಳಿಹೋದ ಮೇಲೆ ಒಳಗಿಂದ ಹಣ ಬಂತು, ಪೂರ್ತಿ. ನನ್ನಿಂದ ಸಾಬಣ್ಣ ತೆಗೆದುಕೊಂಡದ್ದು ಬಸ್‌ಸ್ಟ್ಯಾಂಡಿನ ಒಂದು ಚಾ.

"ಇರೂತನಕ ಗೋಡಿ ಕಡೆ ಹೊಳ್ಳಿ ನೋಡಿರಂಗಿಲ್ಲ. ಖಾಲಿ ಮಾಡ್ತೀನಿ ಅಂದ ಕೂಡ್ಲೆ ಮಾಲಕರಿಗೆ ಗೋಡಿ ಮ್ಯಾಲ ಎಲ್ಲಿಲ್ಲದ ಪ್ರೀತಿ ಬರ್ತದ್ರಿ," ಎಂದು ಚಾ ಕುಡಿಯುತ್ತಾ ನಕ್ಕರು. ನಾನೂ ಹೊಟ್ಟೆ ತುಂಬಾ ನಕ್ಕೆ. ಹೀಗೆ ಅವರು ಎಷ್ಟು ಜನರ ಪರವಾಗಿ ಎಷ್ಟು ಕಟ್ಟೆಗಳ ಮೇಲೆ ಕೂತಿದ್ದರೋ. ಯಾಕೆ ಮಾಡ್ತೀರಿ ಇದನ್ನೆಲ್ಲ ಅಂದರೆ, "ನಾನೂ ಬಾಡಿಗಿ ಮನ್ಯಾಗ ಇರಾಂವ ಅಲ್ರಿ," ಅಂದಿದ್ದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಒಳ್ಳೆಯವರೊಬ್ಬರ ಒಳ್ಳೆಯ ನೆನಪಾಗುತ್ತಿತ್ತು. ನಿಲ್ಲಿಸುವ ಹಕ್ಕು ನನಗಿಲ್ಲ.

ಕೆಲವು ವರ್ಷಗಳ ಮೇಲೆ ಸುರಪುರದಲ್ಲಿ ನಾನೇ ಮನೆ ಕಟ್ಟಿಸಿದೆ. ಅರ್ಧ ನಮಗೆ, ಅರ್ಧ ಬಾಡಿಗೆಗೆ. ನಡುವೆ ಒಂದೇ ಗೋಡೆ. ಬಣ್ಣಕ್ಕೆ ಸಾಬಣ್ಣನವರೇ ಬಂದರು. ಆ ನಡುಗೋಡೆಯ ಮೇಲೆ ಕೈಯಿಟ್ಟವರು ಕಣ್ಣು ತೆರೆದು, "ಸರ, ಬಚ್ಚಲದ ಪೈಪು ಗೋಡಿ ಒಳಗ ಹಾಕಿಸೀರೇನ್ರಿ? ಹೊರಗ ತೆಗಸ್ರಿ. ಹಸಿ ಗೋಡಿಗೆ ಏನ್ ಹಚ್ಚಿದ್ರೂ ನಿಂದ್ರಂಗಿಲ್ಲ," ಎಂದರು. ಮತ್ತೆ ಒಡೆಸಿದರೆ ಖರ್ಚು. ನೋಡೋಣ ಅಂದೆ. ನೋಡಲಿಲ್ಲ.

ಬಾಡಿಗೆಗೆ ಬಂದವಳು ರೇಣುಕಾ, ಸರ್ಕಾರಿ ಆಸ್ಪತ್ರೆಯ ನರ್ಸು. ಹುಡುಗಿಯನ್ನು ನಾವು ಮನೆಮಗಳ ಹಾಗೇ ಕಂಡೆವು, ಅಥವಾ ಹಾಗೆಂದು ನಾವು ಹೇಳಿಕೊಂಡು ತಿರುಗಿದೆವು. ಎರಡು ವರ್ಷದ ಮೇಲೆ ಅವಳಿಗೆ ಹುಣಸಗಿಗೆ ವರ್ಗವಾಯಿತು. ಅಷ್ಟರಲ್ಲಿ ನಡುಗೋಡೆ ಅವಳ ಕಡೆ ಸೊಂಟದೆತ್ತರದವರೆಗೆ ಪೊರೆ ಎದ್ದು ಕಪ್ಪಾಗಿತ್ತು. ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುವ ಓಣಿ. ಅವಳು ಗೋಡೆಗುಂಟ ಕೊಡಗಳನ್ನು ಸಾಲಾಗಿ ತುಂಬಿಡುತ್ತಿದ್ದಳು. ಡಿಪಾಜಿಟ್ ಕೇಳಿದಾಗ ನನ್ನ ಬಾಯಿಂದ ಬಂದ ಮಾತು ನನಗೇ ಗುರುತಿನದಾಗಿತ್ತು: "ಕೊಡ ಇಟ್ಟು ಇಟ್ಟು ಗೋಡಿ ಎಲ್ಲಾ ಕೆಡಿಸೀಯಮ್ಮ. ಅದರ ಲೆಕ್ಕ ಆಗಲಿ."

ನನ್ನ ಹತ್ತಿರ ಹಣ ಇರಲಿಲ್ಲವೆಂದಲ್ಲ. ಇತ್ತು. ಕೊಡಲು ಮನಸ್ಸಾಗಲಿಲ್ಲ, ಅಷ್ಟೇ. ಕೈಗೆ ಬಂದು ಎರಡು ವರ್ಷ ಕೂತ ದುಡ್ಡು ನನ್ನದೇ ಅನ್ನಿಸಿಬಿಟ್ಟಿತ್ತು. ಹುಣಸಗಿಯಲ್ಲಿ ಮನೆ ಹಿಡಿಯಲು ಆ ಹಣವೇ ಬೇಕು, ಆಸ್ಪತ್ರೆಯ ಇನ್ನೊಬ್ಬ ನರ್ಸಿನ ಕೋಣೆಯಲ್ಲಿ ಚಾಪೆ ಹಾಕಿಕೊಂಡಿದ್ದೇನೆ ಎಂದು ಅವಳು ಮೂರು ಸಲ ಫೋನು ಮಾಡಿದಳು. ಗೆಳೆಯನ ಪಡಸಾಲೆ ನನಗೆ ನೆನಪಾಗಲಿಲ್ಲವೇ? ಆಯಿತು. ಆದರೂ "ಮುಂದಿನ ವಾರ ನೋಡೂಣು" ಎಂದೆ.

ಒಂದು ಭಾನುವಾರ ಬೆಳಗ್ಗೆ ಕಿಟಕಿಯಿಂದ ನೋಡಿದರೆ ಗೇಟಿನ ಮುಂದೆ ಹಳೆಯ ಟಿವಿಎಸ್. ಬಕೆಟ್ಟು, ಬ್ರಷ್ಷು, ಪೇಪರಿನ ಕಟ್ಟು. ಹಿಂದೆ ರೇಣುಕಾ. ಅವಳು ಯಾರನ್ನೋ ಕೇಳಿರಬೇಕು, ಅವರು ಸಾಬಣ್ಣನವರ ಹೆಸರು ಹೇಳಿರಬೇಕು. ಯಾರ ಮನೆಯೆಂದು ತಿಳಿದೂ ಸಾಬಣ್ಣ ಬಂದಿದ್ದರು.

ನಾನು ಮಲಗುವ ಕೋಣೆಗೆ ಓಡಿದೆ. ನಲವತ್ತು ದಾಟಿದ ಮಾಸ್ತರ, ಹೋಂವರ್ಕ್ ಮಾಡದ ಹುಡುಗನಿಗಿಂತ ಜೋರಾಗಿ ಓಡಿದೆ. ಹೆಂಡತಿಗೆ "ಇಲ್ಲಂತ ಹೇಳು" ಎಂದೆ. ಅವಳು ನನ್ನನ್ನೊಮ್ಮೆ ನೋಡಿ ಹೊರಗೆ ಹೋದಳು. ಆ ನೋಟ ಇವತ್ತಿಗೂ ಮರೆತಿಲ್ಲ.

"ಅವ್ರು ಯಾದಗಿರಿಗೆ ಹೋಗ್ಯಾರ್ರಿ," ಅನ್ನುವುದು ಕೇಳಿಸಿತು.

"ಹೌದೇನ್ರಿ ಅಕ್ಕಾರ? ಇರ್ಲಿ ಬಿಡ್ರಿ. ಕೀಲಿ ಕೊಡ್ರಿ, ಗೋಡಿ ಹಚ್ಚಿ ಹೋಗ್ತೀನಿ."

ನಮ್ಮ ಮಲಗುವ ಕೋಣೆಯ ಗೋಡೆ ಅದೇ ನಡುಗೋಡೆ. ಆ ಕಡೆ ಅಂಗೈ ಊರಿದ್ದು ಕೇಳಿಸಲಿಲ್ಲ, ಆದರೆ ಆಮೇಲೆ ತಟ್ಟಿದ್ದು ಕೇಳಿಸಿತು, ಎರಡು ಸಲ. "ಹೂಂ" ಅಂದರೋ ಇಲ್ಲವೋ ಗೊತ್ತಾಗಲಿಲ್ಲ. "ಕಾಕಾ, ಕೊಡದಿಂದ ಹಿಂಗ ಆಗ್ತದೇನ್ರಿ?" ಎಂದು ರೇಣುಕಾ ಕೇಳಿದಳು. ಪೈಪಿನ ಸಂಗತಿ ಈಗ ಹೇಳುತ್ತಾರೆಂದು ನಾನು ಗೋಡೆಗೆ ಕಿವಿ ಹಚ್ಚಿದೆ. "ಗೋಡಿ ಹಸಿ ಆದ್ರ ಹಿಂಗ ಆಗ್ತದವ್ವ," ಎಂದಷ್ಟೇ ಹೇಳಿದರು. ಆಮೇಲೆ ಬ್ರಷ್ಷಿನ ಸದ್ದು ಶುರುವಾಯಿತು. ಹಸಿ ಗೋಡೆಗೆ ಸುಣ್ಣ ನಿಲ್ಲುವುದಿಲ್ಲವೆಂದು ಗೊತ್ತಿದ್ದ ಮನುಷ್ಯ ಒಂದು ಕೈ, ಎರಡು ಕೈ, ಮೂರು ಕೈ ಹಚ್ಚಿದರು. ನನ್ನ ತಲೆಗೂ ಬ್ರಷ್ಷಿಗೂ ನಡುವೆ ಒಂಬತ್ತು ಇಂಚು ಇಟ್ಟಿಗೆ.

ಆಮೇಲೆ ಅವರು ಬಂದು ನಮ್ಮ ಮೆಟ್ಟಿಲ ಮೇಲೆ ಕೂತರು, ಒಣಗುವುದನ್ನು ನೋಡಲು. ಬಚ್ಚಲಿಗೆ ಹೋಗುವ ಅವಸರ ನನಗೆ. ಹೋದರೆ ಗೋಡೆಯೊಳಗಿನ ಪೈಪು ಗುಳುಗುಳು ಅಂದು ನಾನಿರುವುದನ್ನು ಸಾರುತ್ತಿತ್ತು. ಖರ್ಚು ಉಳಿಸಿದ ಪೈಪು ಹಾಗೆ ಬಡ್ಡಿ ಸಮೇತ ವಸೂಲಿ ಮಾಡಿತು. ತಡೆದುಕೊಂಡು ಮಂಚದ ಮೇಲೆ ಮುದುಡಿ ಕೂತಿದ್ದೆ.

ಓಣಿಯವರು ಒಬ್ಬೊಬ್ಬರೇ ಕೇಳತೊಡಗಿದರು. "ಸರ್ ಭಾಳ ಚೊಲೋ ಮಂದಿರಿ. ಊರಾಗಿಲ್ಲ. ಬಂದ ಕೂಡ್ಲೆ ಈ ಹುಡುಗಿದು ಡಿಪಾಜಿಟ್ ಕೊಡ್ತಾರ," ಅಂದರು ಸಾಬಣ್ಣ. ಅದೇ ಮಾತು. ಆದರೆ ಶಹಾಪುರದಲ್ಲಿ ಆ ಮಾತಿನ ಅಡಿಯಲ್ಲಿ ಒಂದು ನಗೆ ಇತ್ತು. ಇಲ್ಲಿ ಕಿವಿಗೊಟ್ಟು ಹುಡುಕಿದೆ, ನಗೆ ಇರಲಿಲ್ಲ. ನನ್ನನ್ನು ಅವರು ನಿಜಕ್ಕೂ ಹಾಗೆಂದುಕೊಂಡಿದ್ದರು. ಎದ್ದು ಹೋಗಿ ಬಾಗಿಲು ತೆರೆಯಬೇಕಿತ್ತು. ಹತ್ತು ಹೆಜ್ಜೆ. ನಾನು ಏಳಲಿಲ್ಲ.

ನಾಲ್ಕು ಗಂಟೆಗೆ ಗಾಡಿಯ ಸದ್ದು ದೂರವಾದ ಮೇಲೆ ಹೊರಗೆ ಬಂದೆ. ಬಾಗಿಲ ಪಕ್ಕದಲ್ಲಿ ನಾನು ದಿನವೂ ಶಾಲೆಗೆ ಹಾಕಿಕೊಂಡು ಹೋಗುವ ಚಪ್ಪಲಿಗಳು ಇದ್ದಲ್ಲೇ ಇದ್ದವು. ಬಚ್ಚಿಟ್ಟುಕೊಳ್ಳುವ ಅವಸರದಲ್ಲಿ ನನಗೆ ಅವು ಹೊಳೆದೇ ಇರಲಿಲ್ಲ. ಅವುಗಳ ಮೇಲೆ ನೀಟಾಗಿ ಒಂದು ಪೇಪರು ಹೊದಿಸಿತ್ತು, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು.

ಅಂದರೆ ನಾನು ಒಳಗಿರುವುದು ಅವರಿಗೆ ಬಂದಾಗಲೇ ಗೊತ್ತಿತ್ತು. ಗೊತ್ತಿದ್ದೂ ಇಡೀ ದಿನ ಓಣಿಗೆಲ್ಲ ಊರಲ್ಲಿಲ್ಲ ಅಂದರು.

ಆ ಕ್ಷಣವೇ ಫೋನಿನಲ್ಲಿ ರೇಣುಕಾಳಿಗೆ ಪೂರ್ತಿ ಹಣ ಹಾಕಿದೆ. "ಬಂತು ಸರ್" ಎಂದು ಎರಡು ಪದ ಬರೆದಳು. ಮುಂದಿನ ವಾರ ಪೈಪು ಹೊರಗೆ ತೆಗೆಸಿದೆ. ಇದನ್ನೆಲ್ಲ ನನ್ನ ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಸಾಬಣ್ಣನವರ ಮನೆಗೆ ಹೋಗಿ ಒಂದು ಮಾತು ಹೇಳಬೇಕಿತ್ತು. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದೆ. ರಂಗಂಪೇಟೆಯ ದಾರಿಯನ್ನೇ ಬಿಟ್ಟೆ.

ಕೊನೆಗೆ ಅವರು ಸಿಕ್ಕಿದ್ದು ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ. ತುಂಬಾ ಇಳಿದುಹೋಗಿದ್ದರು. ರೆಪ್ಪೆಯಲ್ಲಿ ಬಿಳಿ ಇರಲಿಲ್ಲ. ಕೆಲಸ ಬಿಟ್ಟು ತಿಂಗಳಾಯಿತಂತೆ. ಎದೆಯಲ್ಲಿ ಕಫ, ಯಾದಗಿರಿಯ ದವಾಖಾನೆಗೆ ಹೊರಟಿದ್ದರು. ನಾನು ಕಂಬದ ಮರೆಗೆ ಸರಿಯುವ ಮೊದಲೇ ಅವರು ಕೂಗಿದರು.

"ಆರಾಮದೀರಿ ಸರ?"

"ಆರಾಮ, ಸಾಬಣ್ಣ."

"ಗೋಡಿ?"

"ಸುಣ್ಣ ಎಲ್ಲಾ ಉದುರಿತು. ಪೈಪ್ ಹೊರಗ ತೆಗೆಸೀನಿ."

"ಚೊಲೋ ಮಾಡಿದ್ರಿ. ಒಣಗಲಿ, ಆಮ್ಯಾಲ ಬಂದು ಹಚ್ಚತೀನಿ."

"ಅವತ್ತು ನಾನು..." ಎಂದು ಬಾಯಿ ತೆರೆದೆ. ಬಸ್ಸು ಬಂತು. ಅವರು ಕೈಚೀಲ ಹಿಡಿದು ನಿಧಾನಕ್ಕೆ ಹತ್ತಿ ಕಿಟಕಿಯ ಬದಿಗೆ ಕೂತರು. ಆಮೇಲೆ ಏನೋ ನೆನಪಾದವರಂತೆ ತಲೆ ಹೊರಗೆ ಹಾಕಿ, ನನ್ನ ಕಾಲು ನೋಡಿ ಕೇಳಿದರು: "ಸರ, ಅವತ್ತು ಚಪ್ಲಿ ಮ್ಯಾಲ ಸುಣ್ಣ ಏನೂ ಸಿಡಿದಿದ್ದಿಲ್ಲಲ್ರಿ?"

ಅಣಕವೇನೋ ಎಂದು ಮುಖ ನೋಡಿದೆ. ಅಲ್ಲ, ಕೆಲಸಗಾರನ ನಿಜವಾದ ಚಿಂತೆ.

"ಇಲ್ಲ ಸಾಬಣ್ಣ. ಒಂದು ಹನಿನೂ ಬಿದ್ದಿದ್ದಿಲ್ಲ."

"ಆತು ಬಿಡ್ರಿ," ಎಂದು ಸಮಾಧಾನದಿಂದ ಹಿಂದಕ್ಕೆ ಒರಗಿದರು. ಅವತ್ತು ಮನೆಯಲ್ಲಿದ್ದೆನೆಂದು ಅವರ ಮುಂದೆ ನಾನು ಒಪ್ಪಿಕೊಂಡದ್ದು ಅಷ್ಟೇ. ಎರಡು ವಾರದ ಮೇಲೆ ಅವರು ಹೋದ ಸುದ್ದಿ ಬಂತು.

ಆ ದಿನ ನಾನೂ ಶಹಾಪುರಕ್ಕೆ ಹೊರಟಿದ್ದೆ. ಶಹಾಪುರದ ಮೇಲೆ ಹೋಗುವ ಅದೇ ಬಸ್ಸು. ಅವರ ಪಕ್ಕದ ಸೀಟು ಖಾಲಿ ಇತ್ತು. ನಾನು ಹತ್ತಲಿಲ್ಲ.